ಮೊದಲು ಮುಗಿದದ್ದು ತಾಮ್ರ

ಮಂಗಳವಾರ ಬೆಳಗ್ಗೆ ಹತ್ತೂಕಾಲಿಗೆ ಠಾಣೆಯ ಮುಂದೆ ಬಿಳಿ ಕಾರೊಂದು ಬಂದು ನಿಂತಿತು. ಮುಂದಿನ ಸೀಟಿನಿಂದ ಇಳಿದವನು ಕೈಗಾರಿಕಾ ವಸಾಹತಿನ ಬೆಳ್ಳಿ ಕಾರ್ಖಾನೆಯ ಮಾಲೀಕ. ಹಿಂದಿನ ಸೀಟಿನಲ್ಲಿ ಇಬ್ಬರು ಕಾವಲುಗಾರರ ನಡುವೆ ಒತ್ತಿಕೊಂಡು ಕೂತಿದ್ದ ಹೆಂಗಸು, ಕಾವಲುಗಾರ ಕೈ ಹಿಡಿಯಲು ಬಂದಾಗ ಕೊಡವಿಕೊಂಡು ತಾನೇ ಇಳಿದಳು. ಐವತ್ತರ ಆಸುಪಾಸಿನವಳು. ಕಾರ್ಖಾನೆಯಲ್ಲಿ ಅವಳ ಕೆಲಸ ತೊಟ್ಟಿಯಲ್ಲಿ. ಎಲ್ಲರೂ ಕರೆಯುತ್ತಿದ್ದದ್ದು ತೊಟ್ಟಿಯಕ್ಕ ಎಂದು.

ಮಾಲೀಕ ಇನ್‌ಸ್ಪೆಕ್ಟರ್ ಎದುರು ಕುರ್ಚಿ ಎಳೆದುಕೊಂಡು ಕೂತ.

"ನಾಲ್ಕು ಕಿಲೋ ಬೆಳ್ಳಿ ಮೇಡಂ. ಈಯಮ್ಮನೇ ಹೊಡ್ದಿರೋದು. ಒಂದು ಎಫ್‌ಐಆರ್ ಹಾಕಿ, ಒಳಗೆ ಹಾಕಿ. ಸಂಜೆ ಹೊತ್ತಿಗೆ ತಾನೇ ಬಾಯ್ಬಿಡ್ತಾಳೆ."

"ಸಾಕ್ಷಿ?"

"ಅವಳ ಕೈ ನೋಡಿ."

ತೊಟ್ಟಿಯಕ್ಕ ಯಾರೂ ಕೇಳದೆ ಎರಡೂ ಅಂಗೈ ಮೇಜಿನ ಮೇಲೆ ಚಾಚಿದಳು. ಬೆರಳ ತುದಿಗಳು, ಉಗುರಿನ ಸಂದುಗಳು ಇದ್ದಲಿನಷ್ಟು ಕಪ್ಪು.

"ಹದಿನೈದು ವರ್ಷದಿಂದ ಹೀಗೇ ಇದೆ ಮೇಡಂ. ಇವರ ಬೆಳ್ಳಿ ನೀರೇ ಮಾಡಿದ್ದು. ಇದು ಕಳ್ಳತನದ ಗುರುತು ಅಂದ್ರೆ ಹದಿನೈದು ವರ್ಷ ಇವ್ರು ಕಣ್ಮುಚ್ಕೊಂಡಿದ್ರಾ?"

ಬಾಗಿಲ ಬಳಿ ನಿಂತಿದ್ದ ದಫೇದಾರ ಕೆಮ್ಮಿದಂತೆ ಮಾಡಿ ನಗು ನುಂಗಿಕೊಂಡ.

ಇನ್‌ಸ್ಪೆಕ್ಟರ್ ನಗಲಿಲ್ಲ. ಪೊಲೀಸ್ ಪರೀಕ್ಷೆ ಬರೆಯುವ ಮೊದಲು ಆಕೆ ಎರಡು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿದ್ದಳು. ಇಲಾಖೆಯಲ್ಲಿ ಬೆನ್ನ ಹಿಂದೆ ಆಕೆಗೆ 'ಕೆಮಿಸ್ಟ್ರಿ ಮೇಡಂ' ಎಂದೇ ಹೆಸರು. ಅದರಲ್ಲಿ ಮೆಚ್ಚುಗೆಗಿಂತ ಕುಹಕವೇ ಜಾಸ್ತಿ ಎಂಬುದು ಆಕೆಗೆ ಗೊತ್ತಿತ್ತು. ಕಾಲೇಜು ಬಿಟ್ಟ ಮೇಲೆ ಆ ಪಾಠ ಯಾವ ಕೇಸಿನಲ್ಲೂ ಕೆಲಸಕ್ಕೆ ಬಂದಿರಲಿಲ್ಲ.

ದೂರು ದಾಖಲಾಯಿತು. ಎಫ್‌ಐಆರ್ ಪ್ರತಿಗೆ ಮಾಲೀಕ ಸಹಿ ಹಾಕಿದ. ಅವನ ಕಾರು ಗೇಟು ದಾಟುವ ಮೊದಲೇ ಮೇಲಧಿಕಾರಿಯ ಫೋನು ಬಂತು.

"ಅವರು ನಮಗೆ ಬೇಕಾದವ್ರು. ಸಂಜೆಯೊಳಗೆ ಅರೆಸ್ಟ್ ತೋರಿಸ್ಬಿಡಿ."

"ತನಿಖೆ ಮಾಡಿ ತೋರಿಸ್ತೀನಿ ಸರ್."

"ತನಿಖೆ ಮಾಡೋಕೆ ಏನಿದೆ ಅದ್ರಲ್ಲಿ?"

"ಅದನ್ನ ನೋಡೋಕೇ ಹೊರಟಿದ್ದೀನಿ ಸರ್."

ತೊಟ್ಟಿಯಕ್ಕನನ್ನು ಕೂರಿಸಿಕೊಂಡು ಆಕೆ ಕೇಳಿದಳು.

"ಕೆಲಸ ಹೇಗೆ ನಡೆಯುತ್ತೆ? ಮೊದಲಿಂದ ಹೇಳಿ."

"ಹಳೆ ಬೆಳ್ಳಿ ಚೂರು, ಪಾಲಿಶ್ ಧೂಳು ಎಲ್ಲ ಬರುತ್ತೆ. ಅದನ್ನ ಕೆಮಿಸ್ಟು ಆಸಿಡ್‌ನಲ್ಲಿ ಕರಗಿಸ್ತಾರೆ. ಆ ನೀರನ್ನ ತೊಟ್ಟಿಗೆ ಬಿಟ್ಟು ತಾಮ್ರದ ಪಟ್ಟಿ ಇಳಿಬಿಡ್ತೀವಿ. ತಾಮ್ರ ಕರಗ್ತಾ ಹೋಗುತ್ತೆ, ಬೆಳ್ಳಿ ಪುಡಿಪುಡಿಯಾಗಿ ತಳಕ್ಕೆ ಬೀಳುತ್ತೆ. ಕೆಮಿಸ್ಟು ನೀರು ಬಸಿದ್ಮೇಲೆ ನಾನು ಪುಡಿ ಬಾಚಿ, ತೊಳೆದು, ಒಣಗಿಸಿ ಕೊಡ್ತೀನಿ. ಕರಗಿಸಿ ಗಟ್ಟಿ ಮಾಡೋದು ಮಾಲೀಕರ ಕಣ್ಣೆದುರಿಗೇ."

"ಈ ಸಲ?"

"ಬಿದ್ದಿದ್ದನ್ನೆಲ್ಲ ಕೊಟ್ಟಿದ್ದೀನಿ. ತೂಗಿದ್ರೆ ಆರು ಕಿಲೋ ಎಂಟುನೂರು. ಹತ್ತು ಕಿಲೋ ಎಂಟುನೂರು ಬರ್ಬೇಕಿತ್ತಂತೆ. ತೊಟ್ಟಿ ಕೊಡ್ದೇ ಇರೋದನ್ನ ನಾನು ಎಲ್ಲಿಂದ ಕೊಡ್ಲಿ?"

"ತಾಮ್ರದ ಪಟ್ಟಿ ಇಳಿಬಿಟ್ಟವರು ಯಾರು?"

"ಯಾವಾಗ್ಲೂ ನಾನೇ. ಶನಿವಾರ ಮಾತ್ರ ಕೆಮಿಸ್ಟು, 'ನೀನು ಬೇಗ ಮನೆಗೆ ಹೋಗಕ್ಕ, ನಾನು ನೋಡ್ಕೊಳ್ತೀನಿ' ಅಂದ್ರು. ಸೋಮವಾರ ಬಂದು ನೋಡಿದ್ರೆ ದಾರ ಮಾತ್ರ ತೂಗಾಡ್ತಿತ್ತು. ಪಟ್ಟಿ ಪೂರ್ತಿ ಕರಗಿಹೋಗಿತ್ತು."

"ಪೂರ್ತಿ? ಒಂದು ಚೂರೂ ಉಳಿದಿರಲಿಲ್ವಾ?"

"ಒಂದು ಚೂರೂ ಇಲ್ಲ. ಬೇರೆ ಸಲ ತೆಳ್ಳಗಾಗಿ ಒಂದಿಷ್ಟು ಉಳಿಯುತ್ತೆ. ಅದನ್ನ ತೊಳೆದಿಡೋದೂ ನನ್ನ ಕೆಲಸಾನೇ."

ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟಳು. "ನೀವು ಮನೆಗೆ ಹೋಗಿ. ಕರೆದಾಗ ಬನ್ನಿ."

"ಹೋಗಲ್ಲ."

"ಏನು?"

"ನಾಲ್ಕು ಬೀದಿ ಜನ ನೋಡೋ ಹಾಗೆ ಕಾರಲ್ಲಿ ತುಂಬ್ಕೊಂಡು ಬಂದ್ರು. ಕಳ್ಳಿ ಅಲ್ಲ ಅನ್ನೋದನ್ನೂ ನಾಲ್ಕು ಬೀದಿಗೆ ಕೇಳಿಸೋ ಹಾಗೆ ಹೇಳಿ. ಆಮೇಲೆ ಹೋಗ್ತೀನಿ."

ಹೊರಗಿನ ಬೆಂಚಿನ ಮೇಲೆ ಸೆರಗು ಬಿಗಿದುಕೊಂಡು ಕೂತವಳು ಅಲುಗಲಿಲ್ಲ. ಬೆಂಚು ಸಾರ್ವಜನಿಕರಿಗೆ ಎಂದು ದಫೇದಾರ ಗದರಿದಾಗ, "ನಾನೇನು ಸರ್ಕಾರದವಳಾ?" ಎಂದಳು.

ಮಧ್ಯಾಹ್ನ ಇಬ್ಬರು ಪಂಚರ ಜೊತೆ ಪೊಲೀಸರು ಕಾರ್ಖಾನೆಗೆ ಹೋದರು. ಆಸಿಡ್ ಕೋಣೆಯಲ್ಲಿ ಒಂದೇ ಕಿಟಕಿ. ಅದರ ಕಬ್ಬಿಣದ ಸರಳುಗಳನ್ನು ತುಕ್ಕು ಅರ್ಧಕ್ಕರ್ಧ ತಿಂದುಹಾಕಿತ್ತು. ಗಾಳಿ ಹೊರಗೆಳೆಯುವ ಫ್ಯಾನು ಎಲ್ಲೂ ಇರಲಿಲ್ಲ. ಪಕ್ಕದ ಕೋಣೆಯಲ್ಲಿ ತೊಟ್ಟಿ. ಅಡ್ಡಕೋಲಿನಿಂದ ನಾಲ್ಕು ನೈಲಾನ್ ದಾರಗಳು ತೂಗುತ್ತಿದ್ದವು, ತುದಿಯಲ್ಲಿ ಬರೀ ಗಂಟು. ತೊಟ್ಟಿಯ ತಳವನ್ನು ಕೈಗವಸು ಹಾಕಿಕೊಂಡು ತಡವಿ ನೋಡಿದರು. ತಾಮ್ರದ ಒಂದು ಕಣವೂ ಸಿಗಲಿಲ್ಲ. ಅದನ್ನೂ ಪಂಚನಾಮೆಯಲ್ಲಿ ಬರೆಸಿದಾಗ, ಸಿಗದೇ ಇದ್ದದ್ದನ್ನು ಯಾಕೆ ಬರೆಯುತ್ತಾರೆಂದು ಪಂಚರು ಮುಖಮುಖ ನೋಡಿಕೊಂಡರು.

"ತಾಮ್ರ ತೂಗಿ ಕೊಟ್ಟಿದ್ದು ಯಾರು?"

"ನಾನೇ. ಮೂರೂವರೆ ಕಿಲೋ ಕೆಮಿಸ್ಟ್ ಕೈಗೆ ಕೊಟ್ಟೆ" ಎಂದ ಮಾಲೀಕ. "ಬೇಕಾಗಿದ್ದಕ್ಕಿಂತ ಒಂಚೂರು ಜಾಸ್ತಿನೇ ಕೊಡ್ತೀವಿ. ಬೆಳ್ಳಿ ನೀರಲ್ಲಿ ಉಳೀಬಾರ್ದಲ್ಲ."

"ಹತ್ತು ಕಿಲೋ ಎಂಟುನೂರು ಅಂತ ಹೇಗೆ ಗೊತ್ತಾಯ್ತು?"

"ಆಸಿಡ್‌ನಲ್ಲಿ ಕರಗಿಸಿದ್ಮೇಲೆ ಹೊರಗಿನ ಲ್ಯಾಬಿಂದ ಪರೀಕ್ಷೆ ಮಾಡಿಸ್ತೀವಿ. ಅದ್ರಲ್ಲಿ ಮೋಸ ಇಲ್ಲ."

ಕೆಮಿಸ್ಟ್ ಕೈಕಟ್ಟಿ ನಿಂತಿದ್ದ. ನಲವತ್ತು ದಾಟಿದ, ಸಪೂರ ಆಳು. ಕಣ್ಣು ತಪ್ಪಿಸುವವನಲ್ಲ.

"ಬಸಿದ ನೀರು ಏನಾಯ್ತು?"

"ಹಿಂದಿನ ಗುಂಡಿಗೆ ಬಿಟ್ಟೆ. ಯಾವಾಗ್ಲೂ ಅಲ್ಲಿಗೇ."

ಆಕೆ ಹಿತ್ತಿಲಿಗೆ ಹೋಗಿ ಗುಂಡಿ ನೋಡಿದಳು. ತಳದ ಕೆಸರು ಒಣಗಿ ಬಿರಿದಿತ್ತು. ನಿನ್ನೆ ತೊಟ್ಟಿಯ ನೀಲಿ ನೀರೆಲ್ಲ ಬಿದ್ದ ಗುಂಡಿ ಹಾಗಿರಲು ಸಾಧ್ಯವಿರಲಿಲ್ಲ. ಆಕೆ ಏನೂ ಹೇಳದೆ ಫೋಟೋ ತೆಗೆಸಿದಳು.

ಜೀಪಿನಲ್ಲಿ ದಫೇದಾರನಿಗೆ ತಡೆಯಲಾಗಲಿಲ್ಲ. "ಮೇಡಂ, ಬೆಳ್ಳಿ ಕಳೆದಿರೋ ಕೇಸಲ್ಲಿ ನೀವು ತಾಮ್ರದ ಹಿಂದೆ ಬಿದ್ದಿದ್ದೀರಲ್ಲ?"

"ನಮ್ಮ ಠಾಣೆಯಿಂದ ಕೋರ್ಟಿಗೆ ಕೈದಿಗಳನ್ನ ಕಳಿಸ್ತೀವಿ. ಒಬ್ಬ ಪೇದೆ ಇಬ್ಬರನ್ನ ಕರ್ಕೊಂಡು ಹೋಗಬಹುದು ಅಂದ್ಕೊಳ್ಳಿ. ನೂರು ಕೈದಿಗಳಿಗೆ ಎಷ್ಟು ಪೇದೆ ಬೇಕು?"

"ಐವತ್ತು."

"ಐವತ್ತೈದು ಪೇದೆಗಳನ್ನ ಕೊಟ್ಟಿದ್ದಾರೆ."

"ಹಾಗಾದ್ರೆ ಎಲ್ಲ ಕೈದಿಗಳೂ ಹೋದ ಮೇಲೆ ಐದು ಜನ ಪೇದೆಗಳು ಠಾಣೆಯಲ್ಲೇ ಆರಾಮಾಗಿ ಇಸ್ಪೀಟ್ ಆಡ್ತಿರ್ತಾರೆ."

"ಸರಿ. ಈಗ ನೀವು ಸಂಜೆ ಬಂದು ನೋಡ್ತೀರಿ. ಕೋರ್ಟಿಗೆ ಹೋಗಿ ತಲುಪಿರೋದು ಅರವತ್ಮೂರೇ ಕೈದಿಗಳು. ಠಾಣೆಯಲ್ಲಿ ಇಸ್ಪೀಟ್ ಆಡೋಕೆ ಒಬ್ಬ ಪೇದೆಯೂ ಇಲ್ಲ."

ದಫೇದಾರ ಹುಬ್ಬು ಗಂಟಿಕ್ಕಿದ. ಜೀಪು ಸಿಗ್ನಲ್ ದಾಟುವವರೆಗೂ ಯೋಚಿಸಿದ. "ಅಂದ್ರೆ... ಡ್ಯೂಟಿಗೆ ಬಂದ ಪೇದೆಗಳೇ ಕಮ್ಮಿ. ಮೂವತ್ತೊಂದೂವರೆ. ಆ ಅರ್ಧ ಪೇದೆ ನಮ್ಮ ರೈಟರ್ರೇ ಇರ್ಬೇಕು. ಹಾಗಾದ್ರೆ ಮಿಕ್ಕ ಕೈದಿಗಳು ಓಡಿಹೋಗಿಲ್ಲ ಮೇಡಂ. ಲಾಕಪ್ಪಲ್ಲೇ ಇದ್ದಾರೆ!"

"ಪೇದೆ ತಾಮ್ರ. ಕೈದಿ ಬೆಳ್ಳಿ. ಒಂದು ತಾಮ್ರದ ಕಣ ಕರಗಿದ್ರೆ ಎರಡು ಬೆಳ್ಳಿ ಕಣ ಹೊರಗೆ ಬರುತ್ತೆ. ಯಾವುದು ಮೊದಲು ಮುಗಿಯುತ್ತೋ ಅದೇ ಕೆಲಸ ನಿಲ್ಲಿಸೋದು. ಲಿಮಿಟಿಂಗ್ ರಿಯಾಕ್ಟೆಂಟ್ ಅಂತೀವಿ. ಮಕ್ಕಳು ಇಲ್ಲೇ ಎಡವೋದು. ಯಾವುದರ ತೂಕ ಕಮ್ಮಿಯೋ ಅದೇ ಮೊದಲು ಮುಗಿಯುತ್ತೆ ಅಂದ್ಕೊಳ್ತಾರೆ. ಒಂದೊಂದರ ಕಣದ ತೂಕ ಒಂದೊಂದು ಥರ. ಅದಕ್ಕೇ ಮೊದಲು ಕಿಲೋನ ಎಣಿಕೆಗೆ ತರಬೇಕು, ಮೋಲ್ ಲೆಕ್ಕಕ್ಕೆ. ನೂರೆಂಟು ಗ್ರಾಂ ಬೆಳ್ಳಿ ಅಂದ್ರೆ ಒಂದು ಮೋಲ್. ಅರವತ್ಮೂರೂವರೆ ಗ್ರಾಂ ತಾಮ್ರ ಅಂದ್ರೂ ಒಂದು ಮೋಲೇ."

ಆಕೆ ಮಡಿಲಲ್ಲಿದ್ದ ಪಂಚನಾಮೆಯ ಹಾಳೆಯನ್ನು ತಿರುಗಿಸದೆ, ಬಾಯಲ್ಲೇ ಲೆಕ್ಕ ಮಾಡಿದಳು. ಹತ್ತು ಕಿಲೋ ಎಂಟುನೂರು ಬೆಳ್ಳಿ ಎಂದರೆ ನೂರು ಮೋಲ್. ಅದಕ್ಕೆ ಐವತ್ತು ಮೋಲ್ ತಾಮ್ರ ಸಾಕು, ಮೂರು ಕಿಲೋಗಿಂತ ಸ್ವಲ್ಪ ಹೆಚ್ಚು. ಮೂರೂವರೆ ಕಿಲೋ ಹಾಕಿದ್ದರೆ ಮುನ್ನೂರು ಗ್ರಾಮಿನಷ್ಟು ದಾರದಲ್ಲಿ ಉಳಿದಿರಲೇಬೇಕು. ಉಳಿದಿಲ್ಲ. ತೊಟ್ಟಿಯಕ್ಕ ಕೊಟ್ಟದ್ದು ಅರವತ್ತಮೂರು ಮೋಲ್ ಬೆಳ್ಳಿ. ಅಷ್ಟು ಬೆಳ್ಳಿ ಬೀಳಲು ಕರಗಬೇಕಾದ ತಾಮ್ರ ಎರಡು ಕಿಲೋ.

"ತೊಟ್ಟಿಗೆ ಇಳಿದಿದ್ದು ಎರಡೇ ಕಿಲೋ ತಾಮ್ರ. ಒಂದೂವರೆ ಕಿಲೋ ಯಾರ ಹತ್ರಾನೋ ಇದೆ. ನಾಲ್ಕು ಕಿಲೋ ಬೆಳ್ಳಿ ಆ ನೀರಲ್ಲೇ ಇದೆ."

"ನೀರು ಕೆಮಿಸ್ಟ್ ಕೈಲಿತ್ತು" ಎಂದ ದಫೇದಾರ. ಈಗ ಅವನ ಬೆನ್ನು ನೆಟ್ಟಗಾಗಿತ್ತು.

ಸಂಜೆ ಕೆಮಿಸ್ಟನನ್ನು ಠಾಣೆಗೆ ಕರೆಸಿದರು. ಅವನು ತಣ್ಣಗೆ ಉತ್ತರಿಸಿದ.

"ತಾಮ್ರ ಎಷ್ಟು ಹಾಕಿದ್ರಿ?"

"ಕೊಟ್ಟಷ್ಟೂ."

"ಪೂರ್ತಿ ಕರಗಿದೆಯಲ್ಲ?"

"ನೀರಲ್ಲಿ ಆಸಿಡ್ ಹೆಚ್ಚು ಉಳಿದಿತ್ತು. ಬೆಳ್ಳಿ ಬಿಡಿಸೋ ಬದಲು ಆಸಿಡ್ಡೇ ತಾಮ್ರ ತಿಂದುಬಿಡ್ತು. ಆಗುತ್ತೆ ಒಂದೊಂದು ಸಲ."

ಒಳ್ಳೆಯ ಉತ್ತರ. ಪುಸ್ತಕದಲ್ಲಿರುವ ಉತ್ತರ.

"ಹಾಗೆ ತಿಂದಿದ್ರೆ ಕಂದು ಹೊಗೆ ಏಳ್ಬೇಕಿತ್ತು. ಎದ್ದಿತ್ತಾ?"

ಹೊಗೆ ಎಂಬ ಮಾತು ಕೇಳಿದ್ದೇ ಅವನ ದವಡೆ ಬಿಗಿಯಾಯಿತು. "ಆ ಹೊಗೆ ಬಗ್ಗೆ ನಂಗೆ ಯಾರೂ ಪಾಠ ಮಾಡ್ಬೇಕಾಗಿಲ್ಲ."

"ಎದ್ದಿತ್ತಾ ಅಂತ ಕೇಳ್ದೆ."

"ನೆನಪಿಲ್ಲ."

"ಕಾವಲುಗಾರರಿಗೆ ನೆನಪಿದೆ. ಶನಿವಾರ ಸಂಜೆ ಹೊಗೆ ಇರಲಿಲ್ಲ, ಘಾಟೂ ಇರಲಿಲ್ಲ ಅಂತ ಹೇಳಿಕೆ ಕೊಟ್ಟಿದ್ದಾರೆ. ನೀರು ಗುಂಡಿಗೆ ಬಿಟ್ಟೆ ಅಂದ್ರಿ. ಗುಂಡಿ ಒಣಗಿ ಬಾಯ್ಬಿಟ್ಕೊಂಡಿದೆ."

ಲೆಕ್ಕ ಕೂಡಿಬಂದಿದ್ದರೂ ಕೈಯಲ್ಲಿ ವಸ್ತು ಇರಲಿಲ್ಲ. ಊರು ಬಿಡಬಾರದೆಂದು ನೋಟಿಸು ಕೊಟ್ಟು, ಅವನ ಮೇಲೆ ಕಣ್ಣಿಡಲು ಒಬ್ಬ ಪೇದೆಯನ್ನು ಹಚ್ಚಿ ಕಳಿಸಿದರು.

ಬುಧವಾರ ಬೆಳಗ್ಗೆ ತೊಟ್ಟಿಯಕ್ಕ ಡ್ಯೂಟಿಗೆ ಬಂದವಳಂತೆ ಬಂದು ಬೆಂಚಿನಲ್ಲಿ ಕೂತಳು. ಅವಳ ಹಿಂದೆಯೇ ಮೇಲಧಿಕಾರಿ ಬಂದರು.

"ಆ ಹೆಂಗಸು ಇನ್ನೂ ಹೊರಗಿದ್ದಾಳಲ್ಲ?"

"ಬೆಂಚ್ ಮೇಲಿದ್ದಾಳೆ ಸರ್."

"ನಾನು ಹೇಳಿದ್ದು ನಿಮಗೆ ಅರ್ಥ ಆಗ್ಲಿಲ್ವಾ?"

"ಆಯ್ತು ಸರ್. ಆದ್ರೆ ಎರಡು ಕಿಲೋ ತಾಮ್ರ ಆರು ಕಿಲೋ ಎಂಟುನೂರಕ್ಕಿಂತ ಹೆಚ್ಚು ಬೆಳ್ಳಿ ಬಿಡಿಸಲ್ಲ. ನೀವು ಆರ್ಡರ್ ಮಾಡಿದ್ರೂ ಬಿಡಿಸಲ್ಲ, ನಾನು ಲಾಠಿ ಎತ್ತಿದ್ರೂ ಬಿಡಿಸಲ್ಲ. ಅವಳ ಹತ್ರ ಕದಿಯೋಕೆ ಬೆಳ್ಳಿನೇ ಇರಲಿಲ್ಲ. ಅರೆಸ್ಟ್ ಮಾಡಲೇಬೇಕು ಅಂದ್ರೆ ಬರವಣಿಗೆಯಲ್ಲಿ ಕೊಡಿ. ಈ ಲೆಕ್ಕಾನೂ ಜೊತೆಗೆ ಲಗತ್ತಿಸಿ ಕೋರ್ಟಿಗೆ ಕಳಿಸ್ತೀನಿ."

ಮೇಲಧಿಕಾರಿಯ ಮುಖ ಕೆಂಪೇರಿತು. "ಇವತ್ತು ಸಂಜೆವರೆಗೆ ಟೈಮು. ಆಮೇಲೆ ಕೇಸು ಬೇರೆಯವರಿಗೆ" ಎಂದು ಟೋಪಿ ಎತ್ತಿಕೊಂಡು ಹೊರಟರು.

ಕಾರ್ಖಾನೆಯಿಂದ ಹೊರಗೆ ಹೋಗುವ ಯಾವ ವಸ್ತುವಾದರೂ ಒಂದೇ ಟೆಂಪೋದಲ್ಲಿ ಹೋಗುತ್ತಿತ್ತು. ಹೇಳಿಕೆಗೆ ಕರೆಸಿದ ಟೆಂಪೋ ಡ್ರೈವರ್ ಲವಲವಿಕೆಯ ಆಸಾಮಿ. ಸೋಮವಾರ ಏನೂ ಸಾಗಿಸಿಲ್ಲ ಎಂದು ಪ್ರಮಾಣ ಮಾಡುವವನಂತೆ ಹೇಳಿದ. ಸಹಿ ಹಾಕಲು ಪೆನ್ನು ಎಡಗೈಲಿ ಹಿಡಿದ.

"ಎಡಚನಾ?"

"ಅಲ್ಲ ಮೇಡಂ, ಬಲಗೈ ಸ್ವಲ್ಪ..."

"ತೋರ್ಸು."

ಜೇಬಿನಿಂದ ಹೊರಬಂದ ಬಲ ಅಂಗೈಯಲ್ಲಿ ಕಪ್ಪು ಮಚ್ಚೆ, ಹೆಬ್ಬೆರಳಿನಿಂದ ಮಣಿಕಟ್ಟಿನವರೆಗೆ ಹರಿದಂತೆ.

"ಆಯಿಲ್ಲು ಮೇಡಂ."

ಆಕೆ ಅವನ ಮಣಿಕಟ್ಟು ಹಿಡಿದು ಹೊರಗೆ ಕರೆದೊಯ್ದು, ಬೆಂಚಿನ ಮೇಲಿದ್ದ ತೊಟ್ಟಿಯಕ್ಕನ ಅಂಗೈ ಪಕ್ಕ ಇಟ್ಟಳು. ಎರಡೂ ಒಂದೇ ಕಪ್ಪು. ತೊಟ್ಟಿಯಕ್ಕ ಬಗ್ಗಿ ಅವನ ಕೈಯನ್ನು ಉಗುರಿನಿಂದ ಕೆರೆದು ನೋಡಿದಳು.

"ಸೋಪು ಹಾಕಿ ಉಜ್ಜಿದ್ಯಾ? ಹೋಗಲ್ಲ ಕಣಪ್ಪ. ಚರ್ಮ ಸುಲಿದೇ ಹೋಗ್ಬೇಕು."

"ಬರೀ ತಾಮ್ರದ ನೀರಾದ್ರೆ ಹೀಗೆ ಕಪ್ಪಾಗಲ್ಲ" ಎಂದಳು ಇನ್‌ಸ್ಪೆಕ್ಟರ್. "ಬೆಳ್ಳಿ ಇರೋ ನೀರು ತಾಗಿ, ಅದರ ಮೇಲೆ ಬಿಸಿಲು ಬಿದ್ರೆ ಹೀಗಾಗುತ್ತೆ. ಎಲ್ಲಿಗೆ ಇಳಿಸ್ದೆ?"

ಡ್ರೈವರನ ಲವಲವಿಕೆ ಇಳಿದುಹೋಯಿತು. "ಎರಡು ಕ್ಯಾನ್ ಮೇಡಂ. ಕೆಮಿಸ್ಟ್ ಸಾರ್ ಮನೆ ಹಿಂದಿನ ಶೆಡ್ಡಿಗೆ. ಚರಂಡಿ ತೊಳೆಯೋ ನೀರು ಅಂದ್ರು, ಯಾರಿಗೂ ಹೇಳ್ಬೇಡ ಅಂದ್ರು. ಒಂದು ಕ್ಯಾನ್ ಮುಚ್ಚಳ ಸೋರ್ತಿತ್ತು. ಅಷ್ಟೇ ಗೊತ್ತು, ಅಮ್ಮನಾಣೆ."

ಮಧ್ಯಾಹ್ನ ಎರಡಕ್ಕೆ ಶೋಧ ನಡೆಯಿತು. ಮನೆಗೆ ಬೀಗ ಹಾಕಿತ್ತು. ಕೆಮಿಸ್ಟ್ ತಾನೇ ಬಂದು ಶೆಡ್ಡಿನ ಬಾಗಿಲು ತೆಗೆದ. ಗೋಣಿಚೀಲದ ಅಡಿಯಲ್ಲಿ ಎರಡು ಕ್ಯಾನುಗಳಿದ್ದವು, ಒಳಗೆ ತಿಳಿನೀಲಿ ನೀರು. ಪಂಚರ ಎದುರು ಒಂದು ಗಾಜಿನ ಲೋಟಕ್ಕೆ ಆ ನೀರನ್ನು ಬಗ್ಗಿಸಿ, ಕರಗಿಸಿ ತಂದಿದ್ದ ಉಪ್ಪುನೀರನ್ನು ಇನ್‌ಸ್ಪೆಕ್ಟರ್ ಹನಿಹನಿಯಾಗಿ ಬಿಟ್ಟಳು. ಮೊದಲ ಹನಿಗೇ ಬೆಳ್ಳಗೆ ಒಡೆದ ಹಾಲಿನ ಹಾಗೆ ಗಸಿ ಕಟ್ಟಿತು.

"ಬೆಳ್ಳಿ" ಎಂದಳು. "ಬರ್ಕೊಳ್ಳಿ."

ಅಟ್ಟದ ಮೇಲೆ ಪೇಪರಿನಲ್ಲಿ ಸುತ್ತಿಟ್ಟಿದ್ದ ತಾಮ್ರದ ಪಟ್ಟಿಗಳು ಸಿಕ್ಕವು. ದಫೇದಾರ ಅವನ್ನು ತಕ್ಕಡಿಗೆ ಹಾಕಿ, ಮುಳ್ಳು ನಿಲ್ಲುವವರೆಗೆ ಕಾದು, ಪರೀಕ್ಷೆಯಲ್ಲಿ ಪಾಸಾದ ಹುಡುಗನಂತೆ ಮೇಡಂ ಕಡೆ ತಿರುಗಿದ.

"ಒಂದೂವರೆ ಕಿಲೋ. ಗ್ರಾಂ ಹೆಚ್ಚಿಲ್ಲ, ಕಮ್ಮಿಯಿಲ್ಲ."

ಕೆಮಿಸ್ಟ್ ಗೋಡೆಗೆ ಒರಗಿರಲಿಲ್ಲ, ಬೆವರಿರಲಿಲ್ಲ. "ಹೌದು, ನಾನೇ ತಂದಿದ್ದು. ಒಂದು ಗ್ರಾಮೂ ಮಾರಿಲ್ಲ. ಮಾರೋ ಉದ್ದೇಶವೂ ಇರಲಿಲ್ಲ."

"ಮತ್ತೆ ಯಾಕೆ?"

"ಮೂರು ವರ್ಷದ ಹಿಂದೆ ಆ ಆಸಿಡ್ ಕೋಣೆಯಲ್ಲಿ ಕೆಲಸ ಮಾಡ್ತಿದ್ದವನು ನನ್ನ ತಮ್ಮ. ಹೊಗೆ ಎಳೆಯೋ ಫ್ಯಾನ್ ಹಾಕ್ಸಿ ಅಂತ ಕೇಳಿ ಕೇಳಿ ಸಾಕಾಯ್ತು. 'ಕಿಟಕಿ ಇದೆಯಲ್ಲ' ಅಂದ್ರು. ಒಂದಿನ ಪಾತ್ರೆ ಉಕ್ಕಿ ಕೋಣೆ ತುಂಬ ಕಂದು ಹೊಗೆ. ಅವನು ಬದುಕ್ದ. ಆದ್ರೆ ಇವತ್ತಿಗೂ ಮೂರು ಮೆಟ್ಟಿಲು ಹತ್ತೋಕಾಗಲ್ಲ. ಇಂಥವನು ನಮ್ಮಲ್ಲಿ ಕೆಲಸಾನೇ ಮಾಡಿಲ್ಲ ಅಂದ್ರು ಮಾಲೀಕರು. ಬೆಳ್ಳಿ ಒಂದು ಗ್ರಾಂ ಕಮ್ಮಿಯಾದ್ರೆ ಪೊಲೀಸ್ ಬರ್ತಾರೆ. ಬಂದ್ರಲ್ಲ ನೀವು? ನನ್ನ ತಮ್ಮನ ಉಸಿರು ಕೆಟ್ಟಾಗ ಯಾರು ಬಂದ್ರು?"

ಇನ್‌ಸ್ಪೆಕ್ಟರ್ ಕ್ಯಾನಿನ ಮುಚ್ಚಳ ತಿರುಗಿಸಿ ಬಿಗಿಮಾಡಿದಳು. ಕಾಲೇಜಿನಲ್ಲಿ ಬೋರ್ಡಿನ ಮೇಲೆ ಆ ಹೊಗೆಯ ಸೂತ್ರ ಬರೆದು, ಅಡಿಗೆರೆ ಎಳೆದು, ಮುಂದಿನ ಲೆಕ್ಕಕ್ಕೆ ಹೋಗುತ್ತಿದ್ದದ್ದು ನೆನಪಾಯಿತು.

"ತೊಟ್ಟಿಯಕ್ಕನ ವಿಷಯ ಹೇಳಿ" ಎಂದಳು ಕೊನೆಗೆ.

"ಅವರ ಮೇಲೆ ಬರುತ್ತೆ ಅಂತ ಅಂದ್ಕೊಂಡಿರಲಿಲ್ಲ. ಪ್ರಕ್ರಿಯೆ ಕೆಟ್ಟಿದೆ ಅಂತ ತಲೆ ಕೆಡಿಸ್ಕೊಳ್ತಾರೆ ಅಂದ್ಕೊಂಡಿದ್ದೆ."

"ಬಂದಾಗ ಬಾಯ್ಬಿಡಬಹುದಿತ್ತು."

ಅವನು ಶೆಡ್ಡಿನ ಬೀಗದ ಕೈಯನ್ನು ದಫೇದಾರನ ಕೈಗಿಟ್ಟ.

ಮೂರೂ ಮುಕ್ಕಾಲಿಗೆ ಬಂಧನ ದಾಖಲಾಯಿತು. ಠಾಣೆಯ ಮೆಟ್ಟಿಲ ಬಳಿ ಪೇದೆಯೊಬ್ಬ ಮುಖಕ್ಕೆ ಟವೆಲ್ ಹಾಕಲು ಹೋದಾಗ ಕೆಮಿಸ್ಟ್ ಕಿತ್ತೆಸೆದ. "ಮುಖ ಮುಚ್ಕೊಳ್ಳೋ ಕೆಲಸ ನಾನು ಮಾಡಿಲ್ಲ."

"ಮಾಡಿದ್ದೀಯ" ಎಂದಳು ತೊಟ್ಟಿಯಕ್ಕ ಬೆಂಚಿನಿಂದ ಎದ್ದು. "ನಿನ್ನ ತಮ್ಮ ಹೊಗೆಯಲ್ಲಿ ಬಿದ್ದಿದ್ದಾಗ ಅವನ ತಲೆ ನನ್ನ ತೊಡೆ ಮೇಲಿತ್ತು. ಆಂಬುಲೆನ್ಸ್ ಬರೋವರ್ಗೂ ಗಾಳಿ ಹಾಕಿದ್ದು ಈ ಕೈ. 'ಅಕ್ಕ, ಮಾಲೀಕನ ಹೊಟ್ಟೆ ಉರಿಸೋಣ' ಅಂತ ಕೇಳಿದ್ರೆ ನಾನೂ ಜೊತೆಗೆ ನಿಲ್ತಿದ್ನೋ ಏನೋ. ಕೇಳ್ಲಿಲ್ಲ. ನನ್ನ ಹೆಸರನ್ನ ನಿನ್ನ ಸಿಟ್ಟಿಗೆ ಸೌದೆ ಮಾಡ್ದೆ."

ಎರಡು ದಿನದಲ್ಲಿ ಮೊದಲ ಸಲ ಅವನ ತಲೆ ತಗ್ಗಿತು.

ಮಾಲೀಕ ಹೂನಗೆ ಬೀರುತ್ತ ಬಂದ. ಬೆಳ್ಳಿ ನೀರು ಯಾವಾಗ ಕೊಡುತ್ತೀರಿ ಎಂಬುದೇ ಅವನ ಮೊದಲ ಪ್ರಶ್ನೆ. ಅದು ಕೋರ್ಟಿನ ಸ್ವತ್ತು ಎಂದಳು ಇನ್‌ಸ್ಪೆಕ್ಟರ್. ಆಮೇಲೆ ಅವನನ್ನು ಠಾಣೆಯ ಗೇಟಿನವರೆಗೆ ನಡೆಸಿಕೊಂಡು ಹೋಗಿ, ಎದುರಿನ ಅಂಗಡಿಯವರು, ಬಸ್ಸಿಗೆ ಕಾಯುತ್ತಿದ್ದವರು ತಿರುಗಿ ನೋಡುವ ಹಾಗೆ ಹೇಳಿದಳು: "ಈ ಅಮ್ಮ ಕದ್ದಿಲ್ಲ. ನೀವು ಹೊರಿಸಿದ್ದು ಸುಳ್ಳು ಆರೋಪ. ಮನೆಗೆ ಬಿಟ್ಟು ಬನ್ನಿ, ಅದೇ ಕಾರಿನಲ್ಲಿ."

"ಬೇಡ" ಎಂದಳು ತೊಟ್ಟಿಯಕ್ಕ. "ನಡ್ಕೊಂಡೇ ಹೋಗ್ತೀನಿ. ಜನ ಕಾರೊಳಗೆ ಇಣುಕಿ ನೋಡೋದು ಬೇಡ." ಬೀದಿಯ ನಟ್ಟನಡುವೆ, ಯಾರಿಗೂ ದಾರಿ ಬಿಡದೆ ಹೊರಟಳು.

ಬಂಧನದ ಸುದ್ದಿಯನ್ನು ಹತ್ತಿರದ ಸಂಬಂಧಿಗೆ ತಿಳಿಸುವುದು ನಿಯಮ. ಕೆಮಿಸ್ಟನ ತಮ್ಮ ಅಕ್ಕನ ಮನೆಯಲ್ಲಿದ್ದ. ನೆಲಮಹಡಿಯ ಒಂದು ಕೋಣೆ, ಕಿಟಕಿಗೆ ಒತ್ತಿ ಹಾಕಿದ ಮಂಚ. ಮೂವತ್ತಾಗದ ಹುಡುಗ. ದಿಂಬಿಗೆ ಒರಗಿ, ಎರಡೂ ಕೈ ಊರಿಕೊಂಡು ಕೂತಿದ್ದ. ಸುದ್ದಿ ಕೇಳಿ ಅವನು ಅಳಲಿಲ್ಲ.

"ಅಣ್ಣ... ನಂಗೆ ಹೇಳ್ಲಿಲ್ಲ" ಎಂದ. "ಹೇಳಿದ್ರೆ... ಬೇಡ ಅಂತಿದ್ದೆ."

ದಫೇದಾರ ನೋಟಿಸಿಗೆ ಸಹಿ ಹಾಕಿಸಿಕೊಂಡು ಎದ್ದ. ಇನ್‌ಸ್ಪೆಕ್ಟರ್ ಏಳಲಿಲ್ಲ.

"ಮೂರು ವರ್ಷದ ಹಿಂದಿನದ್ದಕ್ಕೆ ನೀವು ದೂರು ಕೊಟ್ಟಿದ್ರಾ?"

"ಕೊಡೋಕೆ... ಠಾಣೆಗೆ ಹೋಗಿದ್ವಿ. ಕೆಲಸ ಮಾಡಿದ್ದಕ್ಕೆ... ಪುರಾವೆ ತನ್ನಿ ಅಂದ್ರು."

"ಯಾವ ಠಾಣೆ?"

ಹುಡುಗ ಆಕೆಯ ಭುಜದ ಪಟ್ಟಿಯ ಕಡೆ ನೋಡಿದ. ಆಮೇಲೆ ಕಣ್ಣು ಬೇರೆ ಕಡೆ ತಿರುಗಿಸಿದ.

"ನಿಮ್ಮನ್ನ ತೊಡೆ ಮೇಲೆ ಮಲಗಿಸ್ಕೊಂಡವರು ಇದ್ದಾರೆ. ಅವರು ಹೇಳಿಕೆ ಕೊಡ್ತಾರೆ. ನಿಮ್ಮ ಅಣ್ಣನ ಕೇಸು ನಡೆಯುತ್ತೆ, ಅವರು ಮಾಡಿದ್ದು ಕಳವೇ. ಇದು ಬೇರೆ ಕೇಸು. ಈಗ ಹೇಳ್ತೀರಾ?"

"ಸಾಹೇಬರಿಗೆ ಗೊತ್ತಾದ್ರೆ ಮೇಡಂ..." ಎಂದು ಶುರುಮಾಡಿದ ದಫೇದಾರ, ಆಕೆಯ ಮುಖ ನೋಡಿ ಸುಮ್ಮನಾದ. ತಾನೇ ಚೀಲದಿಂದ ಒಂದು ಬಿಳಿ ಹಾಳೆ ತೆಗೆದು, ರಟ್ಟಿನ ಮೇಲಿಟ್ಟು ಕೊಟ್ಟ.

ಹುಡುಗ ಹೇಳತೊಡಗಿದ. ಎರಡು ಪದ, ಒಂದು ಉಸಿರು. ಮೂರು ಪದ, ಮತ್ತೆ ಉಸಿರು. ಅವನ ಅಕ್ಕ ವಾಕ್ಯ ಮುಗಿಸಿಕೊಡಲು ಬಂದಾಗ ಅವನು ಕೈ ಅಡ್ಡ ಹಿಡಿದ. ಇನ್‌ಸ್ಪೆಕ್ಟರ್ ಅವನಿಗಿಂತ ಒಂದಕ್ಷರವೂ ಮುಂದೆ ಓಡಲಿಲ್ಲ. ಅವನು ನಿಂತಲ್ಲಿ ಪೆನ್ನು ನಿಲ್ಲಿಸಿ, ಅವನು ಉಸಿರೆಳೆದುಕೊಳ್ಳುವವರೆಗೆ ಕಾದು, ಮುಂದಿನ ಮಾತು ಬಂದ ಮೇಲೆ ಬರೆದಳು.